ಒಳಗೆ ಬಿಟ್ಟ ಬಟ್ಟೆ

ಸೂಜಿ ಮತ್ತೆ ತಡವರಿಸಿತು, ಇಲ್ಲಿ ಬಟ್ಟೆ ದಪ್ಪ, ಮಡಿಕೆಯ ಮೇಲೆ ಮಡಿಕೆ, ಪಾಪ ಅದಾದರೂ ಎಷ್ಟಂತ ತಿವಿದೀತು — ಕಾಲು ತೆಗೆದು ಕೈಯಲ್ಲೇ ಚಕ್ರ ತಿರುಗಿಸಬೇಕು, ನಿಧಾನ, ನೀಲಿ ಅಂಗಿ, ಮಗಳದು, ಪಕ್ಕದ ಹೊಲಿಗೆ ಮತ್ತೆ ಒಳಗೆ ಹಿಡಿಯಬೇಕಂತೆ, ಸಡಿಲ ಆಗಿದೆಯಮ್ಮ, ಇದೊಂದು ಹಿಡಿದುಕೊಡು, ಒಂದು ಲೋಟ ಹಾಲು ಕುಡೀತೀನಿ. ಕುಡೀತಾಳೆ, ನನ್ನ ತಲೆ. ಹೋದ ಸಲ ಹೀಗೇ ಹೇಳಿದ ಹಾಲು ಕುಡಿದವಳು ನಾನು, ಕೆನೆ ಕಟ್ಟಿ ತಣ್ಣಗೆ ಕೂತಿತ್ತು, ಚೆಲ್ಲೋಕೆ ಮನಸ್ಸು ಬರಲಿಲ್ಲ, ಅವಳು ಬಿಟ್ಟ ಮೊಟ್ಟೆ, ಅವಳು ಬಿಟ್ಟ ಅನ್ನ, ಎಲ್ಲ ನನ್ನ ಹೊಟ್ಟೆಗೇ, ಅವಳ ಮೈಯಿಂದ ಇಳಿದದ್ದೆಲ್ಲ ನನ್ನ ಸೊಂಟಕ್ಕೆ ಬಂದು ಕೂತಿದೆ, ಮನೆಯದು ಮನೆಯಲ್ಲೇ ಉಳೀತು ಬಿಡು ಅಂತ ಇವರು ನಗುತ್ತಾರೆ, ಹಸಿವಾದ್ರೆ ತಾನೇ ತಿಂತಾಳೆ ಕಣೇ, ಊಟ ಬಲ್ಲವನಿಗೆ ರೋಗವಿಲ್ಲ — ಇವರ ಬಾಯಲ್ಲಿ ಗಾದೆಗೆ ಬರವಿಲ್ಲ, ಮಗಳ ಮುಖ ನೋಡೋ ಧೈರ್ಯ ಮಾತ್ರ ಇಲ್ಲ. ಡ್ರಾಯರಿನಲ್ಲಿ ಗುಂಡಿ ಡಬ್ಬಿಯ ಪಕ್ಕ ಬಿಸ್ಕತ್ತಿದೆ, ಒಂದು, ಇನ್ನೊಂದು, ಹಸಿವೇನಿಲ್ಲ, ಬಾಯಿ ಸುಮ್ಮನಿದ್ದರೆ ಅಳು ಬರುತ್ತೆ, ಅಗಿಯುತ್ತಿದ್ದರೆ ಬರಲ್ಲ, ಅಷ್ಟೆ.

ಬೆಳೆಯೋ ಹುಡುಗಿ, ಒಳಗೆ ಬಟ್ಟೆ ಬಿಟ್ಟಿರೇ, ಅಂದಿದ್ದು ನನಗೆ ಹೊಲಿಗೆ ಕಲಿಸಿದ ದೊಡ್ಡಮ್ಮ, ಬಿಡುತ್ತಿದ್ದೆ, ಧಾರಾಳವಾಗಿ ಬಿಡುತ್ತಿದ್ದೆ, ಪ್ರತಿ ವರ್ಷ ಹೊಲಿಗೆ ಬಿಚ್ಚಿ ಅಂಗಿ ಅಗಲ ಮಾಡುವಾಗ ಏನು ಸಂಭ್ರಮ, ಹಳೇ ಸೂಜಿ ತೂತುಗಳ ಸಾಲು ಹೊರಗೆ ಕಾಣುತ್ತಿತ್ತು, ಅಮ್ಮಾ ಇದು ನಾನು ಬೆಳೆದ ಗೆರೆ ಅಲ್ವಾ, ಹೌದು ಕಣೇ ಬಂಗಾರಿ, ಆಗ ಎರಡೆರಡು ಸಲ ಬಡಿಸಿಕೊಳ್ಳುತ್ತಿದ್ದಳು, ಬೆರಳು ನೆಕ್ಕುತ್ತಿದ್ದಳು. ಆಮೇಲೆ ಉದ್ದ ಆದಳು, ಸಣ್ಣಗೆ, ಹೊಸ ಅಂಗಿಗಳನ್ನೆಲ್ಲ ಮೊದಲು ಅವಳಿಗೇ ತೊಡಿಸಿ ಅಂಗಡಿ ಬಾಗಿಲಲ್ಲಿ ನಿಲ್ಲಿಸುತ್ತಿದ್ದೆ, ನಿಮ್ಮ ಮಗಳು ಗೊಂಬೆ ಕಣ್ರೀ, ಏನು ಹಾಕಿದ್ರೂ ಒಪ್ಪುತ್ತೆ, ಅಂದರು ಬಂದವರೆಲ್ಲ, ನಾನೂ ಹಿಗ್ಗಿದೆ, ಹಿಗ್ಗದೆ ಏನು ಮಾಡಲಿ. ಅವಳಿಗೆ ಹಸಿವಾಗುತ್ತಮ್ಮ, ಆಗಲ್ಲ ಅಂತ ತಿಳ್ಕೋಬೇಡಿ, ಅಂದರು ಡಾಕ್ಟ್ರು, ಹಸಿವು ತಡ್ಕೊಂಡಾಗ ಮಾತ್ರ ಏನೋ ಗೆದ್ದೆ ಅನ್ಸುತ್ತೆ ಅವಳಿಗೆ, ಮಿಕ್ಕಿದ್ದರಲ್ಲೆಲ್ಲ ಸೋತ ಹಾಗೆ, ತೂಕ ಇನ್ನೂ ಇಳಿದ್ರೆ ಹೃದಯ ತಡೆಯಲ್ಲ, ಆಸ್ಪತ್ರೆಗೆ ಸೇರಿಸಿ. ಆಸ್ಪತ್ರೆ ಅಂದ ದಿನ ಬಾಗಿಲು ಹಾಕಿಕೊಂಡಳು, ನೀರೂ ಮುಟ್ಟಲಿಲ್ಲ, ನಾನೇ ಬಾಗಿಲಿಗೆ ಹಣೆ ಹಚ್ಚಿ ಕೂತು, ಆಯ್ತಮ್ಮ, ಸೇರಿಸಲ್ಲ, ಹೊರಗೆ ಬಾ. ಏನು ಸೋತೆ ಮಗಳೇ ನೀನು, ಕೇಳಿದೆ, ಗೊತ್ತಿಲ್ಲಮ್ಮ ಅಂದಳು, ನಿಜವಾಗಿ ಗೊತ್ತಿಲ್ಲದವಳ ಹಾಗೇ ಅಂದಳು.

ಯಾವ ದರ್ಜಿಯಾದರೂ ಹೆಚ್ಚಿನ ಬಟ್ಟೆ ಕತ್ತರಿಸಿ ಬಿಸಾಡುತ್ತಾನೆ, ನನಗೂ ಗೊತ್ತು, ಇಷ್ಟು ಮಡಿಕೆ ಒಳಗಿಟ್ಟರೆ ಅಂಗಿ ಕೂರಲ್ಲ, ಚುಚ್ಚುತ್ತೆ, ಗೊತ್ತು, ಆದರೂ ಕತ್ತರಿ ಹಾಕಲ್ಲ, ನಾಳೆ ಮೈ ತುಂಬಿಕೊಂಡರೆ, ದಾರ ಎಳೆದರೆ ಸಾಕು, ಸರ್ರನೆ ಬಿಚ್ಚಿಕೊಳ್ಳಲಿ, ಬಟ್ಟೆ ಇಲ್ಲ ಅಂತ ಆಗಬಾರದು. ಮುಗೀತು, ಬಾರೇ, ಹಾಕ್ಕೊಂಡು ತೋರಿಸು. ಬಂದಳು, ಗೋಡೆ ಹಿಡಿದು ಬಂದಳು, ತಿರುಗಿ ನಿಂತಳು, ಟೇಪು ಬೇಡ, ಇವತ್ತು ಟೇಪು ಮುಟ್ಟಲ್ಲ, ಸುಮ್ಮನೆ ಸೊಂಟಕ್ಕೆ ಕೈ ಹಾಕಿ ಹತ್ತಿರ ಎಳೆದುಕೊಂಡೆ, ಕೊಸರಲಿಲ್ಲ — ಅಂಗೈಗೆ ಏನೋ ಸಿಕ್ಕಿತು, ದಪ್ಪಗೆ, ಮೆತ್ತಗೆ, ಬೆಚ್ಚಗೆ, ಮೈ ಬಂದಿದೆ, ದೇವರೇ, ಮೈ ಬಂದಿದೆ, ಕದ್ದಾದರೂ ತಿಂತಿದ್ದಾಳೆ, ಕದಿಯಲಿ, ಮನೆಯೆಲ್ಲ ಕದ್ದು ತಿನ್ನಲಿ, ಕಣ್ಣು ತುಂಬಿ ಬಂತು, ಬೆರಳು ಇನ್ನೊಮ್ಮೆ ಒತ್ತಿ ನೋಡಿತು, ಅಂಚು ಸಿಕ್ಕಿತು, ಹೊಲಿಗೆಯ ಅಂಚು. ಬಟ್ಟೆ. ನಾನೇ ಮಡಿಸಿಟ್ಟ ಬಟ್ಟೆ. ಚುಚ್ಚುತ್ತಮ್ಮ, ಕತ್ತರಿಸಿಬಿಡು, ಹಾಲು ಕುಡೀತೀನಿ, ನಿನ್ನಾಣೆ. ಕತ್ತರಿ ಮಡಿಲಲ್ಲೇ ಇದೆ, ಮೇಜಿನ ಮೇಲೆ ಹಾಲು ಕೆನೆ ಕಟ್ಟುತ್ತಿದೆ, ಬೆರಳ ಸಂದಿಯಲ್ಲಿ ಬಟ್ಟೆ, ಬಿಡೋಕೆ ಆಗ್ತಿಲ್ಲ, ಒಳಗೆ ಬಿಟ್ಟ ಬಟ್ಟೆ, ದಪ್ಪಗೆ, ಮೆತ್ತಗೆ, ಬಟ್ಟೆ —