ಹತ್ತಕ್ಕೆ ನಾಲ್ಕೂವರೆ

ರೋಣ, ನರಗುಂದ, ಗಜೇಂದ್ರಗಡ, ಈ ಮೂರು ತಾಲ್ಲೂಕುಗಳಲ್ಲಿ ನನ್ನಂತೆ ಮೂರುಗಾಲಿಯ ಟಂಟಂ ಓಡಿಸುವವನು ಇನ್ನೂ ಹುಟ್ಟಿಲ್ಲ. ಒಮ್ಮೆ ಗಜೇಂದ್ರಗಡದಲ್ಲಿ ಹಾರ್ನು ಒತ್ತಿ ಹೊರಟೆ. ನರಗುಂದದಲ್ಲಿ ಇಳಿದು ಚಹಾ ಕುಡಿದು ಮುಗಿಸಿದ ಮೇಲೆ ಆ ಹಾರ್ನಿನ ಸದ್ದು ಏದುಸಿರು ಬಿಡುತ್ತ ಬಂದು ಮುಟ್ಟಿತು. ಇಂಥ ತೋಟಪ್ಪನಾದ ನಾನು ಹೆದರುವುದು ಒಬ್ಬರಿಗೇ, ರಾಜೂರಿನ ರಾಹೇಲ ಅಕ್ಕೋರಿಗೆ.

ಸಾಲಿ ಕಲಿಸುವ ಹೆಣ್ಣುಮಗಳಿಗೆ ನಮ್ಮ ಕಡೆ ಅಕ್ಕೋರು ಅನ್ನುತ್ತೇವೆ. ರಾಹೇಲ ಅಕ್ಕೋರು ಮೂವತ್ತಾರು ವರ್ಷದಿಂದ ಕಲಿಸುತ್ತಿದ್ದಾರೆ. ಅವರು ಹದಿನೇಳರ ಮಗ್ಗಿ ಹೇಳಿಸಲು ಶುರುಮಾಡಿದರೆ ಗಜೇಂದ್ರಗಡದ ಗುಡ್ಡದ ಮೇಲಿನ ಗಾಳಿಯಂತ್ರಗಳು ರೆಕ್ಕೆ ನಿಲ್ಲಿಸಿ ಕೇಳುತ್ತವೆ. ಭಾನುವಾರದ ಚರ್ಚಿನ ಆರಾಧನೆಯನ್ನು ಅವರು ಒಂದು ಸಲವೂ ತಪ್ಪಿಸಿದವರಲ್ಲ. ಒಮ್ಮೆ ತರಬೇತಿಗೆಂದು ಹೊಳೆಯಾಚೆ ಹೋಗಿದ್ದಾಗ ಕೊಣ್ಣೂರಿನ ಸೇತುವೆ ಮುಳುಗಿತ್ತು. ಅಕ್ಕೋರು ದಂಡೆಯಲ್ಲಿ ನಿಂತು ಮಲಪ್ರಭೆಯನ್ನು ಒಮ್ಮೆ ದಿಟ್ಟಿಸಿ ನೋಡಿದರು. ನೀರು ಎರಡು ಮೊಳ ಇಳಿಯಿತು. ಅಳೆದವನು ನಾನೇ.

ನಾನು ಆ ಸಭೆಯವನಲ್ಲ, ಶ್ರಾವಣ ಸೋಮವಾರ ಕಾಲಕಾಲೇಶ್ವರನ ಮೆಟ್ಟಿಲು ಹತ್ತುವವನು. ಆದರೆ ಭಾನುವಾರ ಅಕ್ಕೋರನ್ನು ಗಜೇಂದ್ರಗಡದ ಚರ್ಚಿಗೆ ಕರೆದೊಯ್ದು ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಅಲ್ಲಿ ಫ್ಯಾನಿದೆ. ಸಭೆಯ ಅರ್ಧ ಮಂದಿ ಅಕ್ಕೋರ ಸಾಲಿಯಲ್ಲಿ ಕಲಿತವರು, ಉಳಿದರ್ಧ ಮಂದಿ ಅವರ ಭಾನುವಾರದ ಸಾಲಿಯಲ್ಲಿ. ಹೀಗಾಗಿ ಆರಾಧನೆ ನಡೆಸುವ ಅಯ್ಯನವರು ಕುಳಿತುಕೊಳ್ಳಿ ಎಂದರೆ ಯಾರೂ ಕೂರುವುದಿಲ್ಲ. ಅಕ್ಕೋರು ಹಿಂದಕ್ಕೆ ತಿರುಗಿ "ಕುಂದರ್ರಿ" ಎಂದ ಮೇಲೆಯೇ ಬೆಂಚುಗಳು ಕಿರುಗುಟ್ಟುತ್ತವೆ.

ಅವರ ಚೀಲದಲ್ಲಿ ಬೈಬಲ್ಲಿನ ಜೊತೆ ಒಂದು ವಹಿ, ಒಂದು ಕೆಂಪು ಪೆನ್ನು ಇರುತ್ತವೆ. ಅಯ್ಯನವರು ಬೈಬಲ್ಲಿನ ಮೇಲೆ ಮಾಡುವ ಪ್ರತಿ ಪ್ರಸಂಗಕ್ಕೂ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕುತ್ತಾರೆ. ಐದು ಬಂದರೆ ಪಾಸು. ಹೊಸ ಅಯ್ಯನವರು ಯಾರೇ ಬರಲಿ, ವರ್ಷದ ಕೊನೆಯ ಪ್ರಸಂಗದ ಅಂಕ ನೋಡಿಯೇ ಸಭೆಯ ಹಿರಿಯರು ಅವರನ್ನು ಇಟ್ಟುಕೊಳ್ಳಬೇಕೋ ಬೇರೆ ಊರಿಗೆ ಕಳಿಸಬೇಕೋ ಎಂದು ಮೇಲಿನವರಿಗೆ ಬರೆಯುತ್ತಾರೆ. ಹೀಗೆ ಏಳು ಮಂದಿ ಗಂಟುಮೂಟೆ ಕಟ್ಟಿದ್ದಾರೆ.

ಎಂಟನೆಯ ಅಯ್ಯನವರಾಗಿ ಬಂದವನು ತಿಮೊಥಿ. ಅಕ್ಕೋರ ಸ್ವಂತ ಮಗ.

ಹುಡುಗ ಬಲು ಜಾಣ, ಆದರೆ ಅವ್ವನೆಂದರೆ ನಡುಕ. ಚಿಕ್ಕಂದಿನಲ್ಲಿ ಮನೆಯಲ್ಲಿ ಅವ್ವ ಅನ್ನಬೇಕು, ಸಾಲಿಯಲ್ಲಿ ಅಕ್ಕೋರ ಅನ್ನಬೇಕು. ಆ ಗೊಂದಲದಲ್ಲೇ ಬೆಳೆದವನು. ಮೊದಲ ಭಾನುವಾರ ಬಿಳಿ ನಿಲುವಂಗಿ ತೊಟ್ಟು ಚರ್ಚಿನ ಬಾಗಿಲಲ್ಲಿ ನಿಂತವನು ಒಳಗೆ ಕಾಲಿಡದೆ ಕೈ ಚಾಚಿ, "ಅಕ್ಕೋರ, ಒಳಗ ಬರ್ಲೇನ್ರಿ?" ಎಂದ.

"ಬಾ. ಚಪ್ಪಲ್ ಸಾಲಾಗಿ ಬಿಡು," ಎಂದರು ಅಕ್ಕೋರು.

ವರ್ಷ ಮುಗಿಯಿತು. ಕೊನೆಯ ಪ್ರಸಂಗದ ದಿನ ಟಂಟಂನಲ್ಲಿ ಅಕ್ಕೋರು ಎಂದಿಗಿಂತ ಮೆತ್ತಗಿದ್ದರು. "ಹನ್ನೆರಡು ವರ್ಷ ಹೊರಗ ಉಂಡ ಹುಡುಗ, ತೋಟಪ್ಪ. ಈಗ ನನ್ನ ಕೈಯಾಗಿನ ರೊಟ್ಟಿ ಒಂದು ವರ್ಷ ತಿಂದಾನ. ನಪಾಸಾದ ಅಂದ್ರ ಸಮುದ್ರದ ಕಡೆ ಕಳಿಸ್ತಾರಂತ. ಅಲ್ಲಿ ಜ್ವಾಳ ಸಿಗತೈತೋ ಇಲ್ಲೋ."

"ಹಂಗಾರ ಒಂದೆರಡು ಅಂಕ ಹೆಚ್ಚಿಗಿ ಹಾಕ್ರಲ್ಲ. ಪೆನ್ನು ನಿಮ್ಮ ಕೈಯಾಗ ಐತಿ."

"ಗಾಡಿ ನಿಲ್ಲಸು."

ನಿಲ್ಲಿಸಿದೆ. ಬೇವಿನ ಮರದ ಕೆಳಗೆ, ನಲವತ್ತು ವರ್ಷದ, ಇಬ್ಬರು ಮಕ್ಕಳ ತಂದೆಯಾದ ನನ್ನನ್ನು ಕಿವಿ ಹಿಡಿಸಿ ನಿಲ್ಲಿಸಿ ಹತ್ತು ಎಣಿಸಿದರು. ಹಿಂದಿನ ಸೀಟಿನಲ್ಲಿದ್ದ, ನನ್ನ ಜೊತೆ ಸಾಲಿ ಕಲಿತ ಜಮಾಲಬಿ, "ನೆಟ್ಟಗ ನಿಂದರೋ, ಸಾಲ್ಯಾಗೂ ಹಿಂಗ ಬಾಗಿ ನಿಂದರ್ತಿದ್ದಿ," ಎಂದು ಬಾಳೆಹಣ್ಣು ಸುಲಿಯುತ್ತ ನೋಡಿದಳು.

ಚರ್ಚು ಕಿಕ್ಕಿರಿದಿತ್ತು. ನನ್ನ ಅಂದಾಜಿಗೆ ಹತ್ತು ಸಾವಿರ ಮಂದಿ, ಅರವತ್ತು ಮಂದಿ ಹಿಡಿಸುವ ಬೆಂಚುಗಳಲ್ಲಿ. ತಿಮೊಥಿ ತಪ್ಪಿಹೋದ ಕುರಿಯ ಪ್ರಸಂಗ ಆರಿಸಿಕೊಂಡಿದ್ದ. ಶುರು ಭರ್ಜರಿಯಾಗಿತ್ತು. "ಒಬ್ಬ ಕುರುಬನ ಹತ್ರ ನೂರು ಕುರಿ ಇದ್ದವು. ಅದರಲ್ಲಿ ಒಂದು ತಪ್ಪಿಹೋಯಿತು," ಎಂದು ಕೈ ಎತ್ತಿದ. ಆಗ ಅಕ್ಕೋರು ಪೆನ್ನಿನ ಮುಚ್ಚಳ ತೆಗೆದರು. ಟಕ್ ಎಂದಿತು. ಹುಡುಗ ಎತ್ತಿದ ಕೈ ಇಳಿಸಲು ಮರೆತ. ನಾಲ್ಕನೇ ವರ್ಗದ ಕರಿಹಲಗೆಯ ಮುಂದೆ ಹೀಗೆಯೇ ನಿಂತಿದ್ದನಲ್ಲ, ಅದೇ ಮುಖ, ಅದೇ ಕಳೆಯುವ ಲೆಕ್ಕ.

"ಉಳಿದ ತೊಂಬತ್ತೆಂಟು ಕುರಿಗಳನ್ನು..." ಎಂದ.

"ತೊಂಬತ್ತೊಂಬತ್ತು," ಎಂದು ಇಡೀ ಸಭೆ ಒಂದೇ ರಾಗದಲ್ಲಿ ತಿದ್ದಿತು. ನಾನೂ ಕೂಗಿದೆ. ಎಲ್ಲರಿಗಿಂತ ಮೊದಲು ನಾನೇ ಕೂಗಿದ್ದು.

ಸಭೆಯ ಹಿರಿಯ ಕರೆಪ್ಪ ಸಾಲಿಯಲ್ಲಿ ನನಗಿಂತ ಒಂದೇ ವರ್ಗ ಮುಂದಿದ್ದವನು. ಅವನ ಮನೆಯಲ್ಲಿ ಖರೇನೇ ಕುರಿಗಳಿವೆ. ಅವನಿಗೆ ತಡೆಯಲಾಗಲಿಲ್ಲ. "ಅಯ್ಯನವರ, ಆ ಇನ್ನೊಂದು ಕುರಿ ಎಲ್ಲಿ ಹೋತ್ರಿ? ಅದನ್ಯಾರ ಹುಡಕವ್ರು?"

ಆಮೇಲೆ ಪ್ರಸಂಗ ನಿಲ್ಲಲಿಲ್ಲ, ಉರುಳಿತು. ತಿಮೊಥಿ ಎರಡನೆಯ ಕುರಿಯನ್ನು ಹುಡುಕಲು ಹೋಗಿ ಮೊದಲನೆಯದನ್ನು ಮರೆತ. ಕುರುಬನನ್ನು ಮೀನುಗಾರ ಎಂದ. ಕೊನೆಗೆ ಎಲ್ಲ ಕುರಿಗಳನ್ನೂ ಅಲ್ಲೇ ಬಿಟ್ಟು ಆಮೆನ್ ಎಂದು ಕುಳಿತ.

ಅಕ್ಕೋರು ವಹಿ ತೆರೆದರು. ಒಮ್ಮೆ ಬರೆದದ್ದನ್ನು ಅವರು ಹೊಡೆದುಹಾಕಿ ಮತ್ತೆ ಅದನ್ನೇ ಬರೆದದ್ದನ್ನು ನಾನು ಹಿಂದಿನ ಬೆಂಚಿನಿಂದಲೇ ಕಂಡೆ. ನನ್ನ ಕಣ್ಣು ಹದ್ದಿನದು. ಎದ್ದು ನಿಂತು ಓದಿದರು. "ಶುರುವಾತಿಗೆ ಮೂರು. ಧ್ವನಿಗೆ ಒಂದೂವರೆ. ಲೆಕ್ಕಕ್ಕ ಸೊನ್ನಿ. ಹತ್ತಕ್ಕ ನಾಲ್ಕೂವರೆ."

ಕರೆಪ್ಪ ಕಿಸೆಯಿಂದ ಮೇಲಿನವರಿಗೆ ಬರೆಯುವ ಕಾಗದ ತೆಗೆದ. "ಹಂಗಾರ ಕಳಸೂದಂತ ಬರೀಲೇನ್ರಿ, ಅಕ್ಕೋರ?"

"ಎಲ್ಲಿಗೆ?"

"ಬ್ಯಾರೆ ಊರಿಗ್ರಿ. ನಪಾಸಾದ್ರಲ್ರಿ."

"ಕರೆಪ್ಪ, ನೀನು ಮೂರನೇ ವರ್ಗದಾಗ ನಪಾಸಾದಾಗ ನಿನ್ನ ಎಲ್ಲಿಗೆ ಕಳಿಸಿದ್ದೆ?"

ಕರೆಪ್ಪ ತಲೆ ಕೆಳಗೆ ಹಾಕಿದ. "ಎಲ್ಲಿಗೂ ಇಲ್ರಿ. ಅದ ವರ್ಗದಾಗ ಇನ್ನೊಂದು ವರ್ಷ ಕುಂದರಿಸಿದ್ರಿ."

"ಮತ್ತ? ನಪಾಸಾದವನ್ನ ಮುಂದಿನ ವರ್ಗಕ್ಕ ದಾಟಸೂದು ಯಾವ ಸಾಲ್ಯಾಗ ಐತಿ? ಇಲ್ಲೇ ಕುಂದರ್ಲಿ ಇನ್ನೊಂದು ವರ್ಷ. ಕಲೀಲಿ. ಪಾಸಾದ ಮ್ಯಾಲ ಮುಂದಿನ ಊರಿಗೆ ಕಳಸ್ರಿ."

"ಹಂಗಾರ ಹಿಂದಿನ ಏಳು ಮಂದೀನ ನಾವು ಕಳಿಸಿದ್ದು?"

"ಆವಾಗ ನನ್ನ ಯಾರ ಕೇಳಿದ್ರಿ?"

ಕರೆಪ್ಪ ಕಾಗದ ಮಡಿಚಿ ಮತ್ತೆ ಕಿಸೆಯಲ್ಲಿಟ್ಟ. "ಕುಂದರ್ರಿ," ಎಂದರು ಅಕ್ಕೋರು. ಎಲ್ಲರೂ ಕೂತರು. ನಿಂತೇ ಇರದಿದ್ದವರೂ ಇನ್ನೊಮ್ಮೆ ಕೂತರು.

ಅದಾಗಿ ಮೂರು ವರ್ಷ. ತಿಮೊಥಿ ಈಗ ಮಾತಿಗೆ ನಿಂತರೆ ಹೊಳೆಮಣ್ಣೂರಿನಿಂದಲೂ ಮಂದಿ ಬರುತ್ತಾರೆ, ನನ್ನ ಟಂಟಂನಲ್ಲೇ, ಒಂದು ಸಲಕ್ಕೆ ನೂರೈವತ್ತು ಮಂದಿ. ಮೊನ್ನೆ ವರ್ಷದ ಕೊನೆಯ ಪ್ರಸಂಗಕ್ಕೆ ಕರೆಪ್ಪನಂಥ ಕರೆಪ್ಪ ಬಿಕ್ಕಿದ. ಅಕ್ಕೋರು ಸೆರಗಿನಿಂದ ಕಣ್ಣೊರೆಸಿಕೊಂಡು ವಹಿಯಲ್ಲಿ ಬರೆದರು. ಮರಳುವ ದಾರಿಯಲ್ಲಿ ನಾನು ಇಣುಕಿದೆ. ನಾಲ್ಕೂವರೆ. ಹಿಂದಿನ ವರ್ಷವೂ ನಾಲ್ಕೂವರೆ, ಅದರ ಹಿಂದಿನದೂ.

"ಅಕ್ಕೋರ, ಈ ಸಲ ಕೂಡಸೂದ್ರಾಗ ಏನರ ತಪ್ಪೇತೇನ್ರಿ?"

"ಗಾಡಿ ನಿಲ್ಲಸು."

ಅದೇ ಬೇವಿನ ಮರ. ನಾನು ಇಳಿದು ಅಭ್ಯಾಸದಂತೆ ಕಿವಿ ಹಿಡಿದೆ.

"ನೀ ಅಲ್ಲೋ," ಎಂದು ಅಕ್ಕೋರು ತಾವೇ ಇಳಿದರು. ಚೀಲವನ್ನು ನನ್ನ ಕೈಗೆ ಕೊಟ್ಟು, ಮರದ ಕೆಳಗೆ ನೆಟ್ಟಗೆ ನಿಂತು, ಎರಡೂ ಕಿವಿ ಹಿಡಿದುಕೊಂಡರು. "ಹತ್ತರ ತನಕ ಎಣಸು."

ಎಣಿಸಿದೆ. ನಾಲ್ಕೂವರೆಗೆ ನಿಲ್ಲಿಸಿದೆ.