ಜೇಬಿಲ್ಲದ ಚೀವರ

ಯಾರಿಗಾದರೂ ಏನಾದರೂ ಕೊಡಬೇಕು ಎಂದಾಗ ನಮ್ಮ ಕಣ್ಣು ಮೊದಲು ಹೋಗುವುದು ನಮ್ಮನೆಯ ಅಟ್ಟದ ಕಡೆಗೆ. ಬೀದಿಯ ಕೊನೆಯ ಬುದ್ಧ ವಿಹಾರದಲ್ಲಿ, ಹೊರದೇಶದ ಒಂದು ಬಡ ವಿಹಾರಕ್ಕೆ ಕಳಿಸಲು ಪೆಟ್ಟಿಗೆ ಇಟ್ಟಾಗಲೂ ಹಾಗೆಯೇ ಆಯಿತು. ಅರ್ಧ ಕುಡಿದ ಕೆಮ್ಮಿನ ಔಷಧಿ, ಹಿಮ್ಮಡಿ ಸವೆದ ಚಪ್ಪಲಿ, ಒಂಟಿ ಕಡ್ಡಿಯ ಕನ್ನಡಕ, ಎಲ್ಲ ಬಂದು ಬಿದ್ದವು. ಪೆಟ್ಟಿಗೆಯ ಹೊಣೆ ಹೊತ್ತಿದ್ದ ನರ್ಸಮ್ಮ ಅವನ್ನೆಲ್ಲ ತೆಗೆದು ಪಕ್ಕಕ್ಕಿಟ್ಟು, ನೇರವಾಗಿ ದರ್ಜಿಯ ಅಂಗಡಿಗೆ ಬಂದಳು.

ದರ್ಜಿಯನ್ನು ಬೀದಿಯವರೆಲ್ಲ ಮಟ್ಟಸ ಮಾಮ ಎನ್ನುತ್ತಿದ್ದರು. ಅವರ ಹೊಲಿಗೆಯಲ್ಲಿ ಒಂದು ಎಳೆಯೂ ಓರೆಯಾಗುತ್ತಿರಲಿಲ್ಲ. ಆದರೆ ಈಗ ಎಲ್ಲರೂ ರೆಡಿಮೇಡ್ ಕೊಳ್ಳುವವರೇ. ಅವರ ಬಳಿ ಬರುತ್ತಿದ್ದುದು ಜಿಪ್ಪು ಕಿತ್ತ ಚೀಲ, ಉದ್ದವಾದ ಪ್ಯಾಂಟು. ಮಿಷನ್ನಿಗೆ ಎಣ್ಣೆ ಬಿಡುತ್ತಾ "ನಿಂದೂ ನಂದೂ ಕಾಲ ಮುಗೀತು ಕಣೋ" ಎಂದು ಅದರ ಜೊತೆಗೇ ಮಾತಾಡುತ್ತಿದ್ದರು.

"ಮಾಮ, ಒಂದು ಚೀವರ ಹೊಲಿದು ಕೊಡ್ತೀರಾ? ಭಿಕ್ಷುಗಳು ಹೊದೆಯೋ ಬಟ್ಟೆ. ಆ ವಿಹಾರಕ್ಕೆ ಹೊಸದಾಗಿ ಕಲಿಯೋಕೆ ಸೇರಿದವರಿಗೆ ಸಾಲದಂತೆ."

"ಮನೆಗೆ ಮಾರಿ, ಊರಿಗೆ ಉಪಕಾರಿ ಅಂತಾರೆ. ನೀನು ಊರೂ ದಾಟಿ ದೇಶಾನೇ ದಾಟಿಬಿಟ್ಟೆಯಲ್ಲ ತಾಯಿ! ನಮ್ಮ ಬೀದೀಲಿ ಬಡವರಿಲ್ವಾ?"

"ಇದ್ದಾರೆ ಮಾಮ. ಈಗಷ್ಟೇ ಎದುರುಮನೆ ಅಜ್ಜಿಯ ಕಾಲುಹುಣ್ಣು ತೊಳೆದು ಬಂದೆ. ಅಲ್ಲಿ ಅಷ್ಟು ಮಾಡೋಕೂ ಜನ ಇಲ್ಲ. ಧರ್ಮದ ಪಾಠದ ಜೊತೆಗೆ ಗಾಯಕ್ಕೆ ಕಟ್ಟು ಹಾಕೋದು, ಜ್ವರ ನೋಡೋದು, ಮಕ್ಕಳಿಗೆ ಅಕ್ಷರ ಹೇಳಿಕೊಡೋದು, ಎಲ್ಲ ಭಿಕ್ಷುಗಳಿಗೆ ಅಲ್ಲೇ ಕಲಿಸ್ತಾರೆ. ಕಲಿತು ಒಬ್ಬರು ಹೊರಟರೆ ಬೆಟ್ಟದ ಒಂದು ಹಳ್ಳಿಗೆ ಮೇಷ್ಟ್ರೂ ಅವರೇ, ನರ್ಸೂ ಅವರೇ."

ಮೂಲೆಯಲ್ಲಿ ಗುಂಡಿ ಹಚ್ಚುತ್ತಿದ್ದ ಮಾಮನ ಹೆಂಡತಿ ತಲೆಯೆತ್ತಿದರು. "ಹೂಂ ಅಂದುಬಿಡಿ. ಆ ಮಿಷನ್ನಿಗಾದರೂ ನಿಮ್ಮ ಮಾತು ಕೇಳೋದು ತಪ್ಪಲಿ."

ಮಾಮ ನಕ್ಕುಬಿಟ್ಟರು. ಚೀವರ ಹೊಲಿಯುವ ಕ್ರಮ ಹೇಳಲು ನರ್ಸಮ್ಮ ಬಾಯಿ ತೆರೆದರೆ, "ಮೀನಿಗೆ ಈಜು ಕಲಿಸ್ತೀಯಾ? ಅಳತೆ ಹೇಳು, ಸಾಕು" ಎಂದು ಕಳಿಸಿಬಿಟ್ಟರು.

ಕಪಾಟಿನ ಮೇಲಿನ ಅರೆಯಲ್ಲಿ ಬಿಳಿ ಹತ್ತಿಯ ಬಟ್ಟೆಯೊಂದಿತ್ತು. ತಮಗಾಗಿ ಜೊತೆ ಅಂಗಿ ಹೊಲಿದುಕೊಳ್ಳಲು ಇಟ್ಟದ್ದು. ಗಿರಾಕಿಗಳು ತುಂಬಿದ್ದ ಕಾಲದಲ್ಲಿ ಬಿಡುವಾಗದೆ ಅದು ಅಲ್ಲೇ ಉಳಿದಿತ್ತು. ಮಾಮ ಅದನ್ನೇ ಬಿಡಿಸಿದರು. ಎಲ್ಲಿಯೂ ಜೋಡಣೆಯಿಲ್ಲದ, ಗೆರೆ ಎಳೆದಂತೆ ಅಂಚು ಮಡಿಸಿದ ಚೀವರ ಸಿದ್ಧವಾಯಿತು. ಮಕ್ಕಳಿಗೆ ಪಾಠ ಹೇಳುವವರು ಪೆನ್ನು ಎಲ್ಲಿಟ್ಟುಕೊಂಡಾರು ಎಂದು ಒಳಗಡೆ ಒಂದು ಜೇಬನ್ನೂ ಇಟ್ಟರು.

ಪೆಟ್ಟಿಗೆ ಕಟ್ಟುವ ದಿನ ಬೆಳಿಗ್ಗೆ ನರ್ಸಮ್ಮ ಬಂದು ಅಂಚನ್ನು ಸವರಿದಳು. ಒಳಗಿನ ಜೇಬಿನ ಮೇಲೆ ಅವಳ ಬೆರಳು ನಿಂತಿತು.

"ಯಾಕಮ್ಮ, ಚೆನ್ನಾಗಿಲ್ವಾ?"

"ಇಷ್ಟು ಚೆಂದದ ಹೊಲಿಗೆ ನಾನು ನೋಡೇ ಇಲ್ಲ ಮಾಮ. ಆದರೆ... ಇದನ್ನ ಅವರು ಹೊದೆಯೋ ಹಾಗಿಲ್ಲ. ಚೀವರ ಅಂದ್ರೆ ತುಂಡು ತುಂಡು ಕತ್ತರಿಸಿ, ಗದ್ದೆ ಬದುಗಳ ಹಾಗೆ ಜೋಡಿಸಿ ಹೊಲಿಯಬೇಕು. ಇಡೀ ಬಟ್ಟೆಯಾದರೆ ಹೊದ್ದವರಿಗೆ ಜಂಬ, ಕಂಡವರಿಗೆ ಆಸೆ. ಅದಕ್ಕೇ ಆ ನಿಯಮ. ಜೇಬೂ ಇರೋದಿಲ್ಲ."

ಮಾಮನ ಮುಖ ಸಣ್ಣದಾಯಿತು. "ತೇಪೆ ಹಾಕಬೇಕಾ? ಹೊಸ ಬಟ್ಟೆಗೆ? ಕೈಲಿ ಒಂದೇ ಒಂದು ಒಳ್ಳೇ ಕೆಲಸ ಆಯ್ತು ಅಂದ್ಕೊಂಡೆ. ಅದೂ ಯಾರಿಗೂ ಬೇಡದ್ದೇ ಆಯ್ತು. ಆ ಚಪ್ಪಲಿ, ಔಷಧಿ ಜೊತೆ ಇದನ್ನೂ ಪಕ್ಕಕ್ಕಿಡು."

ನರ್ಸಮ್ಮ ಅವರಿಗೆ ಒಂದು ಲೋಟ ನೀರು ತಂದುಕೊಟ್ಟು, "ಸಾಯಂಕಾಲ ಬರ್ತೀನಿ ಮಾಮ" ಎಂದು ಹೋದಳು.

ಮಧ್ಯಾಹ್ನದವರೆಗೂ ಮಾಮ ಮಿಷನ್ನು ಮುಟ್ಟಲಿಲ್ಲ. ಕೊನೆಗೆ ಹೆಂಡತಿ ಬಟ್ಟೆಯನ್ನು ಮಡಿಸಲು ಎತ್ತಿಕೊಂಡರು. "ಹೋಗಲಿ ಬಿಡಿ. ಇಷ್ಟೊಂದು ಜೋಡಣೆ ಓರೆಯಾಗದೆ ಹೊಲಿಯೋದು ಎಲ್ಲರಿಗೂ ಬರೋ ವಿದ್ಯೆ ಅಲ್ಲ. ನಿಮಗೂ ವಯಸ್ಸಾಯ್ತು."

"ಯಾರಿಗೆ ಬರೋಲ್ಲ? ಯಾರಿಗೇ?" ಮಾಮ ಬಟ್ಟೆ ಕಿತ್ತುಕೊಂಡರು. "ಎಲ್ಲಿ ಆ ಕತ್ತರಿ?"

ಕತ್ತರಿ ಹೆಂಡತಿಯ ಕೈಯಲ್ಲೇ ಸಿದ್ಧವಾಗಿತ್ತು.

ಮೊದಲ ಕತ್ತರಿ ಹಾಕುವಾಗ ಮಾಮ ಕಣ್ಣು ಮುಚ್ಚಿಕೊಂಡರು. ಆಮೇಲೆ ಮುಚ್ಚಲಿಲ್ಲ. ಬದುವಿಗೆ ಬದು ಕೂಡಿಸುವುದು ಅಂಗಿಗಿಂತ ಕಷ್ಟದ ಕೆಲಸ. ಒಂದು ಓರೆಯಾದರೆ ಇಡೀ ಗದ್ದೆ ಓರೆ. ಹೊಲಿಗೆಗೆ ಹೋಗಿ ಬಟ್ಟೆ ಕಿರಿದಾಯಿತು, ಆದರೆ ಎಳೆಯ ಭಿಕ್ಷುವಿಗೆ ಸಾಕಾಗುವಷ್ಟು ಉಳಿಯಿತು. ಬಹಳ ದಿನದ ಮೇಲೆ ಮಿಷನ್ನು ಎಡೆಬಿಡದೆ ಓಡಿತು. ಮಾಮ ಅದರ ಜೊತೆ ಮಾತಾಡುವುದನ್ನೇ ಮರೆತರು.

ಸಂಜೆ ನರ್ಸಮ್ಮ ಚೀವರವನ್ನು ಬೆಳಕಿಗೆ ಹಿಡಿದಳು. ಬದುಗಳೆಲ್ಲ ನೆಟ್ಟಗೆ ನಿಂತಿದ್ದವು. "ಬಣ್ಣ ಅವರೇ ಹಾಕ್ಕೋತಾರೆ ಮಾಮ. ಇದನ್ನ ಅವರು ಖಂಡಿತ ಹೊದೀತಾರೆ," ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು.

ಮಾಮ ಬಿಚ್ಚಿದ ಜೇಬನ್ನು ಪುಟ್ಟ ಚೀಲವಾಗಿ ಹೊಲಿದಿಟ್ಟಿದ್ದರು. ಕೊಡಲು ಕೈಚಾಚಿದವರು, ಅರ್ಧದಲ್ಲೇ ನಿಂತರು.

"ಥರ್ಮಾಮೀಟರ್ ಇಡೋಕೆ ಆಗುತ್ತೆ. ನಿನಗೆ ಬೇಕಾಮ್ಮ? ಈ ಸಲ ಕೇಳಿಯೇ ಕೊಡ್ತಿದ್ದೀನಿ."

"ಬೇಕು ಮಾಮ," ಎಂದಳು ಅವಳು, ಎರಡೂ ಕೈ ಒಡ್ಡಿ.

ಓದುವ ತಾಯಂದಿರೇ, ಅಣ್ಣಂದಿರೇ, ನೀವೂ ಕೊಡಿ. ಪಕ್ಕದ ಮನೆಗೂ ಕೊಡಿ, ಕಡಲಾಚೆಯ ವಿಹಾರಕ್ಕೂ, ಶಾಲೆಗೂ, ಆಸ್ಪತ್ರೆಗೂ ಕೊಡಿ. ಮನೆಯಲ್ಲಿ ಉಳಿದ ಮಾತ್ರೆ, ಔಷಧಿ ಮಾತ್ರ ದಾನದ ಪೆಟ್ಟಿಗೆಗೆ ಹಾಕಬೇಡಿ. ಬೇರೆಯವರಿಗೆ ಅದು ವಿಷವಾದೀತು. ಕೊಡುವ ಮೊದಲು, ಕಳಿಸುವವರು ಯಾರು, ಎಲ್ಲಿಗೆ ತಲುಪಿಸುತ್ತಾರೆ ಎಂದು ವಿಚಾರಿಸಿ. ಅಟ್ಟ ಹತ್ತುವ ಮುನ್ನ ಒಂದೇ ಒಂದು ಮಾತು ಕೇಳಿ: "ನಿಮಗೆ ಏನು ಬೇಕಪ್ಪಾ?"