ಮೊದಲ ಹಕ್ಕಿಯ ಮೆಲಿತೊನ್

ದೋನ್ ಮೆಲಿತೊನ್ ಬಾಗಿಲು ದಾಟುವುದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಬಾಗಿಲು ಎಷ್ಟೇ ಎತ್ತರವಾಗಿರಲಿ, ಎಷ್ಟೇ ಅಗಲವಾಗಿರಲಿ, ಅದರೆದುರು ಒಂದು ಗಳಿಗೆ ನಿಂತು, ಮೊಣಕಾಲು ಮಡಿಸಿ, ಒಂದು ಭುಜವನ್ನು ಓರೆ ಮಾಡಿ, ತುಂಬಿದ ಕೊಡ ಹೊತ್ತವರ ಎಚ್ಚರದಿಂದ ಒಳಗೆ ಸರಿಯುತ್ತಾರೆ. ಬೆನ್ನ ಮೇಲೆ ಏನೂ ಇಲ್ಲದಾಗಲೂ ಹಾಗೆಯೇ. ಬೆತ್ತದ ಪಂಜರಗಳನ್ನು ಒಂದರ ಮೇಲೊಂದು ಪೇರಿಸಿ, ಹಗ್ಗದಿಂದ ಬಿಗಿದು, ಪಟ್ಟಿಯನ್ನು ಹಣೆಗೆ ಕೊಟ್ಟು, ಆ ಚಿಲಿಪಿಲಿಗುಟ್ಟುವ ಗೋಪುರವನ್ನು ಹೊತ್ತು ಈ ಮಿಚೊವಾಕಾನ್ ಬೆಟ್ಟಸೀಮೆಯ ಊರುಗಳಲ್ಲೆಲ್ಲ ಹಕ್ಕಿ ಮಾರುತ್ತಾ ಸುತ್ತಿದ ಮನುಷ್ಯ ಅವರು. ಗೋಪುರವನ್ನು ಇಳಿಸಿಟ್ಟರೂ ಅದರ ಎತ್ತರವನ್ನು ಬೆನ್ನು ಮರೆತಿಲ್ಲ. ನಮ್ಮ ಇಗರ್ಜಿಯ ಬಾಗಿಲಲ್ಲಿ ಎರಡು ಗಾಡಿಗಳು ಜೋಡಿಯಾಗಿ ಹೋಗಬಹುದು. ಅಲ್ಲೂ ಅವರು ಬಗ್ಗುತ್ತಾರೆ. ಹೊಸಬರು ಅದನ್ನು ಭಕ್ತಿಯೆಂದು ತಿಳಿಯುತ್ತಾರೆ. ತಿಳಿದರೆ ತಪ್ಪೇನಿಲ್ಲವೆಂದು ನಾವು ಸುಮ್ಮನಿದ್ದೇವೆ.

ಬೂದಿ ಬಣ್ಣದ ಉಣ್ಣೆಯ ಕೋಟೊಂದು ಅವರ ಮೈಗೆ ಅಂಟಿಕೊಂಡೇ ಹುಟ್ಟಿದಂತಿದೆ. ಮಳೆಗೂ ಅದೇ, ಬೇಸಿಗೆಗೂ ಅದೇ. ಬಲಗಡೆಯ ಜೇಬಿನಲ್ಲಿ ನವಣೆ, ಎಡಗಡೆಯದರಲ್ಲಿ ಹಕ್ಕಿಗಳು ಕೊಕ್ಕು ಮಸೆಯಲು ಸಮುದ್ರದ ನೊರೆ ಎಂದು ಕರೆಯುವ ಕಡಲಜೀವಿಯ ಬಿಳಿ ಎಲುಬಿನ ಚೂರುಗಳು. ಬಲಜೇಬಿಗೆ ತೂತು ಬಿದ್ದು ಯಾವ ಕಾಲವಾಯಿತೋ, ಅವರು ಹೊಲಿಸಿಲ್ಲ. ಮಳೆಗಾಲ ಹಿಡಿದ ಮೇಲೆ ಇಗರ್ಜಿಯ ಮೆಟ್ಟಿಲಿನ ಸಂದಿಗಳಲ್ಲಿ, ಅವರು ಪೂಜೆಗೆ ಮುಂಚೆ ಕೂರುವ ಜಾಗದ ಸುತ್ತ, ನವಣೆಯ ಪೈರು ಎದ್ದು ನಿಲ್ಲುತ್ತದೆ. ಗಂಟೆ ಬಾರಿಸುವ ಮುದುಕ ಅದನ್ನು ಕಿತ್ತು ಎಸೆಯುತ್ತಾ ಪ್ರತಿವರ್ಷವೂ ಗೊಣಗುತ್ತಾನೆ: "ಈ ಮನುಷ್ಯ ಕೂತಲ್ಲೆಲ್ಲ ಹೊಲ ಮಾಡ್ತಾನಲ್ಲಪ್ಪ!"

ಅವರ ಮಾತು ಕಡಿಮೆ. ಇರುವ ಮಾತಿಗೂ ಮುಂದೆ ಒಂದು "ನೋಡೋಣ" ಇದ್ದೇ ಇರುತ್ತದೆ. ಆರೋಗ್ಯ ಹೇಗಿದೆ ಎಂದರೆ ನೋಡೋಣ, ಇನ್ನೊಂದು ಬಟ್ಟಲು ಜೋಳದ ಗಂಜಿ ಹಾಕಲೇ ಎಂದರೆ ನೋಡೋಣ. ಅವರ ಮದುವೆಯ ದಿನ, ಈ ಹೆಣ್ಣನ್ನು ಸ್ವೀಕರಿಸುವೆಯಾ ಎಂದು ಗುರುಗಳು ಕೇಳಿದಾಗಲೂ ಬಾಯಿಗೆ ಬಂದದ್ದು ಅದೇ ಮಾತು. ಹೆಣ್ಣಿನ ಅಣ್ಣಂದಿರು ಬೆಂಚು ಬಿಟ್ಟೆದ್ದರು. ಮದುಮಗಳು ಮಾತ್ರ ನಗುತ್ತಾ, "ಅವರು ಹೂಂ ಅಂದ್ರು, ಕೂತ್ಕೊಳ್ಳಿ," ಎಂದಳಂತೆ. ಆಕೆ ತೀರಿಕೊಂಡು ಬಹಳ ವರ್ಷಗಳಾದವು. ಅವರ ಮಾತನ್ನು ಅಷ್ಟು ಬೇಗ ಅರ್ಥಮಾಡಿಕೊಂಡವರು ಆಮೇಲೆ ಯಾರೂ ಸಿಗಲಿಲ್ಲ.

ಬೇರೆ ವ್ಯಾಪಾರಿಗಳಂತೆ ಅವರು ಕೂಗುವುದಿಲ್ಲ, ಹಕ್ಕಿಗಳು ಕೂಗುತ್ತವೆ. ಚೌಕದ ಆಲಿವ್ ಮರದ ಕೆಳಗೆ ಗೋಪುರ ಇಳಿಸಿ ಕುಳಿತರೆಂದರೆ ಮಕ್ಕಳು ಕೈ ಜಗ್ಗುತ್ತಾ ದೊಡ್ಡವರನ್ನು ಎಳೆತರುತ್ತಾರೆ. ಆಗಲೇ ಅವರ ಹಟ ಹೊರಬೀಳುವುದು. ದೊಡ್ಡವರಿಗಾದರೆ ಕೇಳಿದ ಹಕ್ಕಿಯನ್ನು ಕೇಳಿದ ಹೊತ್ತಿಗೆ ಕೊಟ್ಟುಬಿಡುತ್ತಾರೆ. ಮಗುವಿನ ಮೊದಲ ಹಕ್ಕಿಯನ್ನು ಮಾತ್ರ ಕೇಳಿದ ದಿನ ಕೊಡುವುದಿಲ್ಲ.

ಔಷಧಿ ಅಂಗಡಿಯ ಯಜಮಾನರು ಒಮ್ಮೆ ತಮ್ಮ ಪುಟ್ಟ ಮಗನಿಗೆ ಮಾತಾಡುವ ದೊಡ್ಡ ಗಿಳಿಯೇ ಬೇಕೆಂದು ಬಂದರು.

"ಅದು ಅರವತ್ತು ವರ್ಷ ಬದುಕುತ್ತೆ ಸ್ವಾಮಿ," ಎಂದರು ಮೆಲಿತೊನ್. "ನಿಮ್ಮ ಮಗ ಮೀಸೆ ಬಂದು, ಮದುವೆಯಾಗಿ, ಬೇರೆ ಊರಿಗೆ ಹೋದ್ಮೇಲೂ ಹಾಲು ಕುಡಿ ಬಾ ಅಂತ ಕರೀತಾ ಕೂತಿರುತ್ತೆ. ಯಾರು ಸಮಾಧಾನ ಮಾಡ್ತೀರಿ?" ಆಮೇಲೆ ದನಿ ತಗ್ಗಿಸಿ ಕೇಳಿದರು: "ನೀವು ಚಿಕ್ಕವರಿದ್ದಾಗ ಯಾವ ಹಕ್ಕಿ ಕೇಳಿದ್ರಿ?"

ಯಜಮಾನರು ಮುಂದಿನ ಸಂತೆಗೆ ಒಬ್ಬರೇ ಬಂದು ಒಂದು ಕ್ಯಾನರಿಯನ್ನು ಕೊಂಡು ತಮ್ಮ ಅಂಗಡಿಯಲ್ಲೇ ತೂಗುಹಾಕಿಕೊಂಡರು. ಅವರ ಮಗನಿಗೆ ಹಕ್ಕಿಯ ಮೇಲೆ ಆಸೆಯೇ ಇರಲಿಲ್ಲ. ಅವನಿಗೆ ಬೇಕಿದ್ದದ್ದು ಸೈಕಲ್ಲು. ದೊಡ್ಡವರು ಮಕ್ಕಳಿಗೆಂದು ಆರಿಸುವುದು ತಮಗೆ ಸಿಗದೇ ಹೋದ ಹಕ್ಕಿಯನ್ನು ಎಂಬುದು ಮೆಲಿತೊನ್ ಅವರ ನಂಬಿಕೆ.

ಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ತಮಾಲೆ ಕಡುಬು ಮಾರುವ ದೋನ್ಯಾ ಅಂಪಾರೊ ಮೊಮ್ಮಗಳು ಎರಾಂದಿಯನ್ನು ಕರೆದುಕೊಂಡು ಬಂದದ್ದು ನವೆಂಬರಿನ ಸತ್ತವರ ಹಬ್ಬ ಕಳೆದ ಮೇಲೆ. ಮಗುವಿಗೆ ಆರು ತುಂಬಿತ್ತು.

"ಹಳದಿ ಕ್ಯಾನರಿ ಕೊಡಿ ದೋನ್ ಮೆಲಿತೊನ್. ನಾನು ತಮಾಲೆ ಸುತ್ತೋವಾಗ ಹಾಡ್ತಾ ಇರ್ಲಿ."

"ನೋಡೋಣ. ಹಕ್ಕಿ ಯಾರಿಗಮ್ಮ?"

"ಮೊಮ್ಮಗಳಿಗೆ."

"ತಮಾಲೆ ಸುತ್ತೋರು?"

"ನಾನೇ. ಅದ್ಯಾಕೆ?"

ಅವರು ಮಗುವಿನ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತರು. ಬೆಳಿಗ್ಗೆ ಯಾರು ಎಬ್ಬಿಸ್ತಾರೆ ತಾಯಿ, ನಿಮ್ಮನೇಲಿ ಬೆಕ್ಕಿದೆಯಾ, ಸಿಟ್ಟು ಬಂದ್ರೆ ಏನು ಮಾಡ್ತೀಯಾ ಎಂದು ಒಂದೊಂದಾಗಿ ಕೇಳತೊಡಗಿದರು.

"ಮಂಚದ ಕೆಳಗೆ ಹೋಗ್ತೀನಿ," ಎಂದಳು ಎರಾಂದಿ.

"ಎಷ್ಟೊತ್ತು?"

"ಹಸಿವಾಗೋ ತನಕ."

ಅಂಪಾರೊಗೆ ತಡೆಯಲಾಗಲಿಲ್ಲ. "ಏನ್ರೀ, ಹಕ್ಕಿ ಮಾರೋಕೆ ಬಂದಿದ್ದೀರೋ, ಹೆಣ್ಣು ನೋಡೋಕೆ ಬಂದಿದ್ದೀರೋ?"

"ನಾನು ಹಕ್ಕಿ ಕಡೆಯವನಮ್ಮ. ವಿಚಾರಿಸದೆ ಕೊಡೋಕಾಗುತ್ತಾ?"

ಮಾತಿನ ನಡುವೆ ಅವರ ಕಣ್ಣು ಇನ್ನೊಂದನ್ನು ಗಮನಿಸಿತ್ತು. ಮಗು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ನಿಂತಿತ್ತು. ಏನೆಂದು ಅವರು ಹುಬ್ಬಿನಲ್ಲೇ ಕೇಳಿದರು. ಅಂಪಾರೊ ಅವರನ್ನು ಆಚೆ ಕರೆದು ಪಿಸುದನಿಯಲ್ಲಿ ಹೇಳಿದರು. ಈಸ್ಟರ್ ಜಾತ್ರೆಯಲ್ಲಿ ಮಕ್ಕಳಿಗೆ ಬಣ್ಣ ಹಾಕಿದ ಕೋಳಿಮರಿ ಮಾರುತ್ತಾರಲ್ಲ, ಅಂಥದೊಂದು ಗುಲಾಬಿ ಮರಿಯನ್ನು ಕೊಡಿಸಿದ್ದರು. ಮಗು ಅದನ್ನು ಇಡೀ ದಿನ ಮುಷ್ಟಿಯಿಂದ ಬಿಡಲಿಲ್ಲ. ಚಳಿಯಾಗುತ್ತದೆ ಎಂದು, ಬಿದ್ದುಹೋಗುತ್ತದೆ ಎಂದು, ಮುದ್ದು ಬಂದಿತೆಂದು. ಸಂಜೆಗೆ ಮುಷ್ಟಿ ಬಿಚ್ಚಿದಾಗ ಮರಿಗೆ ಜೀವವಿರಲಿಲ್ಲ, ಅದರ ಬಣ್ಣ ಮಾತ್ರ ಅಂಗೈಗೆ ಅಂಟಿತ್ತು. ಅಂದಿನಿಂದ ಬೆಕ್ಕನ್ನೂ ಮುಟ್ಟುವುದಿಲ್ಲ. ಹಕ್ಕಿ ಬೇಕೆಂದು ಮಾತ್ರ ದಿನವೂ ಅಳುತ್ತದೆ.

"ಹಾಗಾದ್ರೆ ಕ್ಯಾನರಿನೇ ಸರಿ," ಎಂದರು ಮೆಲಿತೊನ್. "ಅದು ಕಿವಿಗೆ ಅಂತ ಇರೋ ಹಕ್ಕಿ, ಮುಟ್ಟೋ ಹಾಗೇ ಇಲ್ಲ. ಮುಂದಿನ ಸಂತೆಗೆ ಬನ್ನಿ."

ಆದರೆ ಮುಂದಿನ ಸಂತೆಯಲ್ಲಿ ಅವರು ತಮ್ಮ ಮಾತನ್ನು ತಾವೇ ಮುರಿದರು. ದೊಡ್ಡವರು ಕ್ಯಾನರಿಗಳನ್ನು ನೋಡುತ್ತಿದ್ದಾಗ ಎರಾಂದಿ ಕೆಳಗಿನ ಪಂಜರದ ಮುಂದೆ ಕೈ ಹಿಂದೆ ಕಟ್ಟಿ ಬಗ್ಗಿದ್ದಳು. ಅದರೊಳಗೆ ಗುಬ್ಬಚ್ಚಿಯ ಗಾತ್ರದ ಹಸಿರು ಗಿಳಿಮರಿಯೊಂದಿತ್ತು. ಅದು ಸರಳಿನಾಚೆಗೆ ಕೊಕ್ಕು ಚಾಚಿ ಅವಳ ಜಡೆಯ ತುದಿಯನ್ನು ಎಳೆಯಿತು. ಅವಳು ಹಿಂದೆಗೆಯಲಿಲ್ಲ. ಉಸಿರು ಬಿಗಿಹಿಡಿದು, ಜಡೆಯನ್ನು ಇನ್ನಷ್ಟು ಹತ್ತಿರಕ್ಕೆ ಕೊಟ್ಟಳು.

"ತಪ್ಪು ಹೇಳ್ಬಿಟ್ಟೆ ಅಂಪಾರೊ," ಎಂದರು ಅವರು. "ಕ್ಯಾನರಿ ಕೊಟ್ರೆ ಈ ಮಗು ಕೈಯನ್ನ ಹಿಂದೇನೇ ಕಟ್ಕೊಂಡು ದೊಡ್ಡದಾಗುತ್ತೆ. ಇವಳಿಗೆ ಇದು ಬೇಕು."

"ಇದಾ? ಕಚ್ಚಲ್ವಾ?"

"ಕಚ್ಚುತ್ತೆ."

"ಅಯ್ಯೋ ದೇವರೇ! ಕಚ್ಚೋದನ್ನ ಮಗೂಗೆ ಕೊಡ್ತಾರೇನ್ರೀ?"

"ಸ್ವಲ್ಪ ಕಚ್ಚೋದೇ ಒಳ್ಳೇದಮ್ಮ. ಬೇಡ ಅನ್ನೋಕೆ ಬರೋ ಹಕ್ಕಿ ಮಗೂಗೆ ಬುದ್ಧಿ ಹೇಳಿಕೊಡುತ್ತೆ. ಪಾಪ, ಆ ಕೋಳಿಮರಿಗೆ ಬೇಡ ಅನ್ನೋಕೆ ಬರ್ತಿರ್ಲಿಲ್ಲ."

ಹೀಗೆ ಆ ಹಸಿರು ಮರಿ ಅಂಪಾರೊ ಮನೆಯ ಅಂಗಳಕ್ಕೆ ಬಂತು. ಮಾರಿದ್ದಲ್ಲ, ಸದ್ಯಕ್ಕೆ ಇಟ್ಟುಕೊಳ್ಳಲು ಕೊಟ್ಟದ್ದು. ಮಗು ಅದನ್ನು ಚಿಚಾರೊ ಎಂದು ಕರೆಯಿತು, ಅಂದರೆ ಬಟಾಣಿ. ಬೆಳಿಗ್ಗೆ ಗಂಜಿ ಕುಡಿಯುವ ನೆಪದಲ್ಲಿ ಮೆಲಿತೊನ್ ಬಂದುಹೋಗುತ್ತಿದ್ದರು. ಒಂದು ದಿನ ಅಂಪಾರೊ, ಬಟ್ಟಲ ತುಂಬ ಕಾಳಿದೆ, ಹಕ್ಕಿ ತಿನ್ನುತ್ತಿಲ್ಲವೆಂದು ದೂರಿದರು. ಅವರು ಬಟ್ಟಲನ್ನು ಮಗುವಿನ ಬಾಯಿಯ ಹತ್ತಿರ ಹಿಡಿದು ಊದಲು ಹೇಳಿದರು. ಊದಿದರೆ ಎಲ್ಲವೂ ಹಾರಿಹೋಯಿತು. ಗಿಳಿ ಕಾಳನ್ನು ತಿಂದು ಹೊಟ್ಟನ್ನು ಅಲ್ಲೇ ಬಿಟ್ಟಿತ್ತು. ಬಟ್ಟಲು ತುಂಬಿದಂತೆ ಕಂಡರೂ ಹಕ್ಕಿ ಹಸಿದಿತ್ತು. ಅಂಪಾರೊ ಶಿಲುಬೆ ಗುರುತು ಹಾಕಿಕೊಂಡರು. ಆಮೇಲೆ ದಿನವೂ ಬೆಳಿಗ್ಗೆ ಹೊಟ್ಟು ಊದುವ ಕೆಲಸ ಎರಾಂದಿಯದಾಯಿತು. ಆಗಲೂ ಬಟ್ಟಲನ್ನು ಅಜ್ಜಿ ಹಿಡಿಯಬೇಕು, ಅವಳ ಕೈ ಬೆನ್ನ ಹಿಂದೆಯೇ.

"ತಾತ, ನನ್ನ ಕೈ ಕೆಟ್ಟದ್ದು," ಎಂದಳು ಒಂದು ದಿನ.

ಇಲ್ಲ ತಾಯಿ ಎಂದು ಅವರು ಮುದ್ದು ಮಾಡಲಿಲ್ಲ. "ಹಿಡಿಯೋ ಕೈ ಬೇರೆ, ಕೊಂಬೆಯಾಗೋ ಕೈ ಬೇರೆ," ಎಂದರು. "ಕೊಂಬೆ ಯಾವತ್ತಾದ್ರೂ ಹಕ್ಕೀನ ಹಿಡ್ಕೊಂಡಿದ್ದು ನೋಡಿದ್ದೀಯಾ? ಹಕ್ಕೀನೇ ಅದನ್ನ ಹಿಡ್ಕೊಳ್ಳೋದು. ಒಂದು ಬೆರಳು ಚಾಚು, ಸಾಕು."

ಬೆರಳು ಪಂಜರದೊಳಗೆ ಹೋದದ್ದು ಕ್ರಿಸ್ಮಸ್ಸಿನ ಆಸುಪಾಸು. ಚಿಚಾರೊ ಅದನ್ನು ಮೊದಲು ಕಚ್ಚಿತು. ಎರಾಂದಿ ಅತ್ತಳು, ಆದರೆ ಬೆರಳನ್ನು ಮಡಚಲಿಲ್ಲ. ಎಷ್ಟೋ ಬೆಳಗುಗಳಾದ ಮೇಲೆ ಹಕ್ಕಿ ಒಂದು ಕಾಲಿಟ್ಟಿತು, ಯೋಚಿಸಿತು, ಇನ್ನೊಂದನ್ನೂ ಇಟ್ಟಿತು.

ಅಷ್ಟರಲ್ಲಿ ಜನವರಿಯ ಸಂತ ಅಂತೋನಿಯ ಹಬ್ಬ ಬಂತು. ಅವತ್ತು ಊರಿನ ಪ್ರಾಣಿಗಳೆಲ್ಲ ಇಗರ್ಜಿಯ ಅಂಗಳದಲ್ಲಿ ಸಾಲು ನಿಂತು ತೀರ್ಥ ಹಾಕಿಸಿಕೊಳ್ಳುತ್ತವೆ. ಆಡಿಗೆ ಲಂಗ, ನಾಯಿಗೆ ಟೋಪಿ, ಟರ್ಕಿ ಕೋಳಿಯ ಕೊರಳಿಗೆ ಕಾಗದದ ಹೂವು. ಹಕ್ಕಿಯನ್ನು ತರುತ್ತೇನೆಂದು ಅಂಪಾರೊ ಸಂತನಿಗೆ ಮಾತು ಕೊಟ್ಟಾಗಿತ್ತು, ಪಂಜರಕ್ಕೆ ರಿಬ್ಬನ್ ಕಟ್ಟಿಯಾಗಿತ್ತು, ಬೀದಿಗೆಲ್ಲ ಸಾರಿಯಾಗಿತ್ತು. ಮೆಲಿತೊನ್ ಮಾತ್ರ ಬೇಡ ಎಂದರು. ಅಂಗಳದಲ್ಲಿ ಆಕಾಶಬಾಣ ಬಿಡುತ್ತಾರೆ, ಹೊಸ ಹಕ್ಕಿಯ ಎದೆ ಒಡೆದುಹೋಗುತ್ತದೆ ಎಂದರು.

"ಸಂತನಿಗೆ ಸುಳ್ಳು ಹೇಳಲಾ ನಾನು?" ಎಂದು ಅಂಪಾರೊ ಕಿಡಿಕಿಡಿಯಾದರು. "ಹಕ್ಕಿ ನಿಮ್ದು ಅಂತ ಹೀಗೆ ಆಡ್ತೀರಾ? ತಗೊಂಡು ಹೋಗಿ ಬಿಡಿ!"

"ನನ್ನ ಹಕ್ಕಿ ಆಗಿದ್ರೆ ಹಬ್ಬಕ್ಕೆ ಬಿಡ್ತಿರ್ಲಿಲ್ಲ," ಎಂದರು ಅವರು ಮೆತ್ತಗೆ. "ಈಗ ಅದು ಇವಳ ಬೆರಳ ಮೇಲೆ ಕೂತಿದೆ. ಏನು ಮಾಡ್ಬೇಕು ಅಂತ ಇವಳೇ ಹೇಳ್ಲಿ." ಇಷ್ಟು ಹೇಳಿ ಕೋಟು ಕೊಡವಿ ಹೊರಟುಬಿಟ್ಟರು. ಬೀದಿಯ ತಿರುವಿನಲ್ಲಿ ಗೋಡೆಗೊರಗಿ ಬಹಳ ಹೊತ್ತು ನಿಂತಿದ್ದುದನ್ನು ಬ್ರೆಡ್ಡು ಒಯ್ಯುವವರು ನೋಡಿದ್ದಾರೆ.

ಹಬ್ಬದ ಬೆಳಗಿನ ಜಾವದಲ್ಲೇ ಮೊದಲ ಬಾಣ ಸಿಡಿಯಿತು. ಪಂಜರದಲ್ಲಿ ಚಿಚಾರೊ ಸರಳಿಂದ ಸರಳಿಗೆ ಹುಚ್ಚು ಹಿಡಿದಂತೆ ಬಡಿದಾಡಿತು. ಹಸಿರು ಪುಕ್ಕಗಳು ನೆಲಕ್ಕೆ ಬಿದ್ದವು. ಎರಾಂದಿ ಹಾಸಿಗೆಯಿಂದ ಓಡಿಬಂದು, ಅಜ್ಜಿಯ ಶಾಲನ್ನು ಪಂಜರದ ಮೇಲೆ ಎಳೆದು, ಅದರೊಳಗೆ ತಾನೂ ತಲೆ ತೂರಿಸಿ ನಿಂತಳು. ಹೊತ್ತು ಏರಿದ ಮೇಲೆ ಹೊರಬಂದು, "ಇವನು ಬರಲ್ಲ," ಎಂದಳು. ಅಜ್ಜಿ ಬೈದರು, ರಮಿಸಿದರು, ಸಂತನ ಹೆಸರು ಹೇಳಿ ಹೆದರಿಸಿದರು. "ಇವನು ಬರಲ್ಲ ಅಜ್ಜಿ. ನಾನು ಬರ್ತೀನಿ."

ಸಾಲಿನಲ್ಲಿ ಎಲ್ಲರ ಬಳಿ ಏನಾದರೊಂದು ಜೀವವಿತ್ತು. ಎರಾಂದಿಯ ಮುಂದೆ ಲಂಗದ ಆಡು, ಹಿಂದೆ ಆಮೆ ಹಿಡಿದ ಹೆಂಗಸು. "ಏನೇ ಹುಡುಗಿ, ನಿನಗೇ ತೀರ್ಥ ಹಾಕಿಸ್ಕೊಳ್ಳೋಕೆ ಬಂದ್ಯಾ?" ಎಂದು ಆ ಹೆಂಗಸು ನಕ್ಕಳು. ಮೆಲಿತೊನ್ ಪ್ರತಿವರ್ಷದಂತೆ ಹಕ್ಕಿಗಳನ್ನೆಲ್ಲ ಮನೆಯಲ್ಲಿ ಬಿಟ್ಟು ಬರಿಗೈಯಲ್ಲಿ ಬಂದು ಕಂಬದ ಪಕ್ಕ ನಿಂತಿದ್ದರು. ಮಗುವಿನ ಬಳಿ ಪಂಜರ ಕಾಣದಿದ್ದಾಗ, ಹಕ್ಕಿ ಮನೆಯಲ್ಲಿದೆಯೋ ಇಲ್ಲವೇ ಏನಾದರೂ ಆಗಿಹೋಯಿತೋ ತಿಳಿಯದೆ ಅವರ ಮುಖ ಬಿಳಿಚಿತ್ತು.

ಗುರುಗಳು ಹೂವಿನ ಕಟ್ಟನ್ನು ಬಕೆಟ್ಟಿಗೆ ಅದ್ದುತ್ತಾ ಬಂದರು. "ಏನು ತಂದಿದ್ದೀಯಾ ಮಗಳೇ?"

"ಚಿಚಾರೊ ಮನೇಲಿದ್ದಾನೆ ಗುರುಗಳೇ. ಅವನಿಗೆ ಬಾಣ ಅಂದ್ರೆ ಭಯ." ಎರಾಂದಿ ಬೆನ್ನ ಹಿಂದಿನಿಂದ ಎರಡೂ ಕೈಗಳನ್ನು ಮುಂದೆ ತಂದು ಬೆರಳುಗಳನ್ನು ನೆಟ್ಟಗೆ ಚಾಚಿದಳು. "ಕೈ ತಂದಿದ್ದೀನಿ. ಅವನು ಕೂರೋದು ಇಲ್ಲೇ."

ಗುರುಗಳ ಕೈ ಅರ್ಧದಲ್ಲೇ ನಿಂತಿತು. ಆಮೇಲೆ ಯಾವ ಆಡಿಗೂ ಯಾವ ಕೋಳಿಗೂ ಹಾಕದಷ್ಟು ತೀರ್ಥವನ್ನು ಆ ಹತ್ತು ಬೆರಳುಗಳ ಮೇಲೆ ಸುರಿದರು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ. ಹಾಗೆಯೇ ಮುಂದಕ್ಕೆ ಚಾಚಿಕೊಂಡು, ನೀರು ತೊಟ್ಟಿಕ್ಕಿಸುತ್ತಾ, ಜನರ ನಡುವಿನಿಂದ ಮನೆಗೆ ನಡೆದಳು. ಅಂಪಾರೊ ಸಂತನ ಕಡೆಗೊಮ್ಮೆ ನೋಡಿ, ಮಾತು ಉಳಿಯಿತೆಂದುಕೊಂಡರೋ ಏನೋ, ಮೂಗೊರೆಸಿಕೊಂಡು ಮೊಮ್ಮಗಳ ಹಿಂದೆ ಹೋದರು. ಮೆಲಿತೊನ್ ಕಂಬದ ಬಳಿಯಿಂದ ಕದಲಲಿಲ್ಲ. ಅವರು ಅಳುವುದನ್ನು ನಾವು ನೋಡಿದ್ದು ಅದೊಂದೇ ಸಲ, ಅದೂ ನಗುನಗುತ್ತಾ.

ಜೀವವಿರುವ ಯಾವುದನ್ನೇ ಆಗಲಿ ಇನ್ನೊಬ್ಬರಿಗೆ ಕೊಡುವವರದ್ದು ಒಂದು ಬೇರೆಯೇ ಜಾತಿ. ಹೆರಿಗೆ ಮಾಡಿಸಿ ಕೂಸನ್ನು ತಾಯಿಯ ತೋಳಿಗಿಡುವವಳು, ಸಸಿಯನ್ನು ಬೇರಿನ ಮಣ್ಣಿನ ಸಮೇತ ದಾಟಿಸುವ ತೋಟಗಾರ, ಮಗುವಿಗೆ ಮೊದಲ ಹಕ್ಕಿ ಕೊಡುವ ಮುದುಕ, ಇವರೆಲ್ಲ ನಾವು ಕೈಚಾಚಿದ ಮೇಲೂ ತಮ್ಮ ಕೈಯನ್ನು ಒಂದು ಕ್ಷಣ ತಡವಾಗಿ ಬಿಡುತ್ತಾರೆ. ಆ ಒಂದು ಕ್ಷಣ ನಮಗೆ ಹಟದಂತೆ, ಅಪನಂಬಿಕೆಯಂತೆ ಕಾಣುತ್ತದೆ, ಸಿಟ್ಟೂ ಬರುತ್ತದೆ. ಆದರೆ ಆ ಕ್ಷಣದಲ್ಲಿ ಅವರು ತಮ್ಮ ಕೈಯಲ್ಲಿರುವುದನ್ನು ನೋಡುತ್ತಿರುವುದಿಲ್ಲ, ನಮ್ಮನ್ನು ನೋಡುತ್ತಿರುತ್ತಾರೆ. ಭಾರ ಈ ಕಡೆಗೆ ಬಂದದ್ದು ಖಾತರಿಯಾದ ಮೇಲೆ, ನಮಗೆ ತಿಳಿಯದ ಹಾಗೆ, ಬಿಡುತ್ತಾರೆ.